ಲಾರಿ ನಮ್ಮದು ಸರಿ, ಲೋಡು ಯಾರದು?

ಸಿಡ್ನಿ–ಮೆಲ್ಬರ್ನ್ ನಡುವೆ ಲಾರಿ ಓಡಿಸುವ ಮಗ ‘ಸ್ವಂತ ಗಾಡಿ ಲೀಸ್‌ಗೆ ತಗೋತೀನಿ’ ಎಂದಾಗ ಊರಿನ ಮನೆಯವರು ಕೇಳಬೇಕಾದ ಪ್ರಶ್ನೆಗಳು

ಆಸ್ಟ್ರೇಲಿಯಾದಲ್ಲಿ ಲಾರಿ ಓಡಿಸುವ ಮಗನೋ ಅಳಿಯನೋ ಇರುವ ಮನೆಗೆ ಇವತ್ತಲ್ಲ ನಾಳೆ ಈ ಮಾತು ಬಂದೇ ಬರುತ್ತದೆ. ‘ಅಪ್ಪಾ, ಕಂಪನಿ ಗಾಡಿ ಓಡಿಸಿದ್ದು ಸಾಕು. ನಂದೇ ಒಂದು ಲಾರಿ ಲೀಸ್‌ಗೆ ತಗೋತೀನಿ. ಕೆಲಸ ಅವರೇ ಕೊಡ್ತಾರಂತೆ. ಮುಂಗಡಕ್ಕೆ ಸ್ವಲ್ಪ ದುಡ್ಡು ಬೇಕಾಗುತ್ತೆ.’ ಅಲ್ಲಿಂದ ಮನೆಯಲ್ಲಿ ಲೆಕ್ಕ ಶುರು. ಅಮ್ಮನ ಬಳೆ ಎಷ್ಟು ತೂಗುತ್ತದೆ, ರಸ್ತೆ ಬದಿಯ ಸೈಟಿಗೆ ಈಗ ಯಾರು ಗಿರಾಕಿ, ತಂಗಿಯ ಮದುವೆಗೆಂದು ಇಟ್ಟ ಠೇವಣಿ ಮುರಿಸಬಹುದೇ.

ನಮ್ಮ ಕಡೆ ಲಾರಿಯ ಮಾತು ಬಂದರೆ ಕಣ್ಣ ಮುಂದೆ ಬರುವ ಕಥೆಯೂ ಒಂದೇ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರು ಸಾವಿರಾರು ವಾಹನಗಳ ಸಂಸ್ಥೆ ಕಟ್ಟಿದರು. ಆ ಕಥೆ ನಿಜ, ಹೆಮ್ಮೆಯದ್ದೂ ಹೌದು. ಆದರೆ ಅವರು ಲಾರಿಯ ಜೊತೆಗೆ ಲೋಡನ್ನೂ ತಾವೇ ಹುಡುಕಿಕೊಂಡರು, ಗಿರಾಕಿಗಳನ್ನು ತಾವೇ ಸಂಪಾದಿಸಿದರು. ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ನಿಮ್ಮ ಹುಡುಗನ ಮುಂದೆ ಇರುವ ಪ್ರಸ್ತಾಪ ಹೆಚ್ಚಾಗಿ ಹಾಗಿರುವುದಿಲ್ಲ. ಲಾರಿಯ ಸಾಲ ಅವನದು, ಲೋಡು ಬೇರೆಯವರದು. ಈ ವ್ಯತ್ಯಾಸದ ಮೇಲೆಯೇ ಮಿಕ್ಕಿದ್ದೆಲ್ಲ ನಿಂತಿದೆ.

ಅಲ್ಲಿ ಇಂಥವರನ್ನು ಓನರ್-ಡ್ರೈವರ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ‘ಸಬ್ಬಿ’, ಅಂದರೆ ಸಬ್‌ಕಂಟ್ರಾಕ್ಟರ್. ದೂರದ ಸಾಗಣೆಯಲ್ಲಿ ಹಲವರು ಎಂಜಿನ್ ಇರುವ ಮುಂಭಾಗ, ಅಂದರೆ ಪ್ರೈಮ್ ಮೂವರ್ ಅನ್ನು ಮಾತ್ರ ಇಟ್ಟುಕೊಂಡು ಕಂಪನಿಯ ಟ್ರೇಲರ್ ಎಳೆಯುತ್ತಾರೆ. ಕಂಪನಿಯವರು ಯಾಕೆ ಇಷ್ಟು ಪ್ರೀತಿಯಿಂದ ‘ನೀನೇ ಮಾಲೀಕನಾಗು’ ಎನ್ನುತ್ತಾರೆ? ಸಂಬಳದ ಚಾಲಕನಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ, ಹತ್ತು ದಿನ ಕಾಯಿಲೆ ರಜೆ ಕೊಡಬೇಕು. ಸೂಪರ್ ಎಂಬ ನಿವೃತ್ತಿ ನಿಧಿಗೆ ಸಂಬಳದ ಮೇಲೆ ಶೇ 12 ಕಟ್ಟಬೇಕು (2025ರ ಜುಲೈ 1ರಿಂದ ಈ ದರ). ಕೆಲಸದಲ್ಲಿ ಪೆಟ್ಟಾದರೆ ವಿಮೆ ಇರಬೇಕು. ಲೋಡ್ ಇಲ್ಲದ ವಾರವೂ ಲಾರಿಯ ಕಂತು ಕಂಪನಿಯ ತಲೆಯ ಮೇಲೆಯೇ. ಚಾಲಕ ‘ಮಾಲೀಕ’ನಾದ ದಿನ ಇವೆಲ್ಲ ಅವನ ತಲೆಗೆ ಬರುತ್ತವೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ, ಅದು ವ್ಯಾಪಾರ. ಆದರೆ ಸಂಬಳದ ಅಂಕಿಯನ್ನೂ ಸಬ್ಬಿಯ ಬಿಲ್ಲಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ‘ದುಪ್ಪಟ್ಟು ಆಯ್ತಲ್ಲ’ ಎನ್ನುವುದು ತಪ್ಪು ಲೆಕ್ಕ. ವರ್ಷದ ವಹಿವಾಟು 75,000 ಡಾಲರ್ ಮುಟ್ಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅಲ್ಲಿ ದರ ಶೇ 10. ಅಂದರೆ ಬ್ಯಾಂಕಿಗೆ ಬಂದ ಬಿಲ್ ಹಣದ ಹನ್ನೊಂದನೇ ಒಂದು ಭಾಗ ಮೊದಲಿನಿಂದಲೇ ಸರ್ಕಾರದ್ದು. ಡೀಸೆಲ್, ರಿಪೇರಿಗಳ ಮೇಲೆ ಕಟ್ಟಿದ ಜಿಎಸ್‌ಟಿ ಕಳೆದು ಉಳಿದದ್ದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ಕಟ್ಟಬೇಕು. ಆ ಹಣವನ್ನು ಮನೆ ಖರ್ಚಿಗೆ ಬಳಸಿಕೊಂಡು, ಕಂತಿನ ದಿನ ಕೈಚೆಲ್ಲಿ ಕೂರುವುದು ಹೊಸಬರಿಗೆ ತೀರಾ ಸುಲಭ.

ಹ್ಯೂಮ್ ಹೆದ್ದಾರಿಯ ಲೆಕ್ಕ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿ.ಮೀ. ಬೆಂಗಳೂರಿನಿಂದ ಪುಣೆಗೆ ಹೋಗುವುದಕ್ಕಿಂತ ತುಸು ಹೆಚ್ಚು. ರಸ್ತೆ ಚೆನ್ನಾಗಿದೆ, 2013ರಲ್ಲಿ ಹೋಲ್‌ಬ್ರೂಕ್ ಬೈಪಾಸ್ ಮುಗಿದ ಮೇಲೆ ಇಡೀ ದಾರಿ ಜೋಡಿ ರಸ್ತೆ. ಭಾರಿ ವಾಹನಕ್ಕೆ ಗಂಟೆಗೆ 100 ಕಿ.ಮೀ. ಮಿತಿ. ಊರಿನವರ ಲೆಕ್ಕ ಸರಳ: ‘ಹುಡುಗ ಗಟ್ಟಿ, ಒಂದೆರಡು ವರ್ಷ ಹಗಲು ರಾತ್ರಿ ಓಡಿಸಿ ಸಾಲ ತೀರಿಸಿಬಿಡ್ತಾನೆ.’

ಆಗುವುದಿಲ್ಲ, ಕಾನೂನು ಬಿಡುವುದಿಲ್ಲ. 2014ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಭಾರಿ ವಾಹನಗಳ ರಾಷ್ಟ್ರೀಯ ಕಾನೂನಿನ ಪ್ರಕಾರ, 12 ಟನ್ ಮೀರಿದ ಲಾರಿಯ ಒಂಟಿ ಚಾಲಕ ಸಾಮಾನ್ಯ ನಿಯಮದಲ್ಲಿ 24 ಗಂಟೆಗೆ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಒಂದೇ ಪಟ್ಟಿಗೆ ಏಳು ಗಂಟೆ ವಿಶ್ರಾಂತಿ ಕಡ್ಡಾಯ, ಅದೂ ಗಾಡಿ ನಿಂತಿರಬೇಕು. ಏಳು ದಿನದಲ್ಲಿ ಒಟ್ಟು 72 ಗಂಟೆ, ನಡುವೆ ಒಂದು ಪೂರ್ತಿ ದಿನ ಬಿಡುವು. ನೆಲೆಯಿಂದ 100 ಕಿ.ಮೀ. ಆಚೆ ಹೋಗುವವರು ವರ್ಕ್ ಡೈರಿಯಲ್ಲಿ ಪ್ರತಿ ಪಾಳಿ ಬರೆಯಬೇಕು. ಲೋಡ್ ಮಾಡುವುದು, ಡೀಸೆಲ್ ಹಾಕಿಸುವುದು ಕೂಡ ಕೆಲಸದ ಸಮಯವೇ, ಸ್ಟೀರಿಂಗ್ ಹಿಡಿದ ಹೊತ್ತು ಮಾತ್ರ ಅಲ್ಲ. ವಿಶೇಷ ಅನುಮತಿ ಪಡೆದ ಕಂಪನಿಗಳ ಚಾಲಕರಿಗೆ ಒಂದೆರಡು ಗಂಟೆ ಹೆಚ್ಚು ಸಿಗಬಹುದು. ಆದರೆ ಹೊಸದಾಗಿ ಗಾಡಿ ತೆಗೆದುಕೊಳ್ಳುವವನು ಆ ಆಸೆಯ ಮೇಲೆ ಕಂತು ಕಟ್ಟಬಾರದು.

ಈಗ ಲೆಕ್ಕ ಹಾಕಿ. ಒಂದು ಕಡೆಯ ಪ್ರಯಾಣಕ್ಕೆ ಬಿಡುವೂ ಸೇರಿ ಹತ್ತು ಗಂಟೆಗೆ ಕಡಿಮೆಯಿಲ್ಲ. ಲೋಡು, ಅನ್‌ಲೋಡು ಸೇರಿದರೆ ಹನ್ನೆರಡರ ಹತ್ತಿರ. ಅಂದರೆ ದಿನಕ್ಕೆ ಒಂದು ಕಡೆ, ವಾರಕ್ಕೆ ಆರು, ಅಂದರೆ ಮೂರು ಸಲ ಹೋಗಿ ಬರುವುದು. ಎಲ್ಲ ಸರಿಯಾಗಿ ನಡೆದರೆ ಮಾತ್ರ. ಈಸ್ಟರ್ನ್ ಕ್ರೀಕ್‌ನ ಗೋದಾಮಿನಲ್ಲೋ ಟ್ರುಗನೀನಾದಲ್ಲೋ ಮೂರು ಗಂಟೆ ಸಾಲಿನಲ್ಲಿ ಕಾದರೆ ಆ ವಾರ ಐದಕ್ಕೆ ಇಳಿಯುತ್ತದೆ. ಕಂತು ಮಾತ್ರ ಆರರ ಲೆಕ್ಕದ್ದೇ.

ಡೀಸೆಲ್ ನೋಡೋಣ. ಪೂರ್ತಿ ಭಾರದ ಸೆಮಿ ಟ್ರೇಲರ್ 100 ಕಿ.ಮೀ.ಗೆ ಸುಮಾರು 50 ಲೀಟರ್ ಕುಡಿಯುತ್ತದೆಂದು ಇಟ್ಟುಕೊಳ್ಳಿ. ಒಂದು ಕಡೆಗೆ 440 ಲೀಟರ್. ಲೀಟರಿಗೆ 1 ಡಾಲರ್ 80 ಸೆಂಟ್ ಎಂದು ಹಿಡಿದರೂ ಒಂದು ಕಡೆಗೆ 800 ಡಾಲರಿನ ಹತ್ತಿರ. ಆರು ಪ್ರಯಾಣಕ್ಕೆ 4,700 ಡಾಲರ್ ದಾಟುತ್ತದೆ. ಲೀಟರಿಗೆ ಇಪ್ಪತ್ತು ಸೆಂಟ್ ಏರಿದರೆ ವಾರಕ್ಕೆ ಇನ್ನೂ 500ಕ್ಕಿಂತ ಹೆಚ್ಚು. ಹಾಗಾಗಿ ಬಾಡಿಗೆಯ ಕರಾರಿನಲ್ಲಿ ಡೀಸೆಲ್ ದರ ಏರಿದಂತೆ ಬಾಡಿಗೆಯೂ ಏರುವ ಷರತ್ತು ಇದೆಯೇ ಎಂದು ಕೇಳಲೇಬೇಕು. ಸರ್ಕಾರದ ಇಂಧನ ತೆರಿಗೆ ವಾಪಸಾತಿ ಇದೆ ಎಂದು ಯಾರಾದರೂ ಸಮಾಧಾನ ಹೇಳಬಹುದು. ಹೆದ್ದಾರಿಯಲ್ಲಿ ಓಡುವ ಲಾರಿಗೆ ರಸ್ತೆ ಬಳಕೆಯ ಶುಲ್ಕ ಕಳೆದು ಸಿಗುವುದು ಅದರ ಒಂದು ಭಾಗ ಮಾತ್ರ. 2022ರಲ್ಲಿ ಆರು ತಿಂಗಳು ಇಂಧನದ ಸುಂಕವನ್ನು ಅರ್ಧ ಮಾಡಿದಾಗ ಕಾರಿನವರು ಖುಷಿಪಟ್ಟರು. ಹೆದ್ದಾರಿ ಲಾರಿಗಳಿಗೆ ಸಿಗುತ್ತಿದ್ದ ವಾಪಸಾತಿ ಆ ಅವಧಿಯಲ್ಲಿ ಸೊನ್ನೆಗೆ ಬಂತು.

ನಿದ್ದೆಯ ವಿಷಯವನ್ನು ಹಣದ ಲೆಕ್ಕದಿಂದ ಬೇರೆ ಮಾಡಲಾಗದು. ಕಂತಿನ ಒತ್ತಡ ಮೊದಲು ತಿನ್ನುವುದು ನಿದ್ದೆಯನ್ನೇ. 2020ರ ಏಪ್ರಿಲ್ 22ರಂದು ಮೆಲ್ಬರ್ನ್‌ನ ಈಸ್ಟರ್ನ್ ಫ್ರೀವೇಯಲ್ಲಿ ಲಾರಿಯೊಂದು ನುಗ್ಗಿ ನಾಲ್ವರು ಪೊಲೀಸರು ಸತ್ತರು. ಚಾಲಕ ನಿದ್ದೆಗೆಟ್ಟಿದ್ದ, ಮಾದಕ ವಸ್ತು ಸೇವಿಸಿದ್ದ. ದೀರ್ಘ ಕಾಲದ ಜೈಲು ಶಿಕ್ಷೆಯಾಯಿತು. ಅವನು ಓಡಿಸುತ್ತಿದ್ದುದು ಕಂಪನಿಯ ಲಾರಿ. ಸ್ವಂತ ಗಾಡಿಯವನಿಗೆ ‘ಇವತ್ತು ಆಗಲ್ಲ’ ಎನ್ನುವುದು ಇನ್ನೂ ಕಷ್ಟ. ಸಿಡ್ನಿ–ಮೆಲ್ಬರ್ನ್ ನಡುವೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಟಾರ್ಕಟಾ ಎಂಬ ಸಣ್ಣ ಊರಿದೆ. ಎರಡು ಕಡೆಯಿಂದ ಬಂದ ಚಾಲಕರು ಅಲ್ಲಿ ಟ್ರೇಲರ್ ಬದಲಿಸಿಕೊಂಡು ತಮ್ಮ ತಮ್ಮ ಊರಿಗೆ ಹಿಂದಿರುಗುತ್ತಾರೆ. ರಸ್ತೆಯಲ್ಲಿ ಸತ್ತ ಲಾರಿ ಚಾಲಕರ ಹೆಸರು ಕೆತ್ತಿದ ಸ್ಮಾರಕವೂ ಅಲ್ಲೇ ಇದೆ.

ಮನೆಯವರಿಗೆ ಇಲ್ಲೊಂದು ಸಣ್ಣ ಮಾತು. ಸಂಜೆ ಏಳಕ್ಕೆ ಸಿಡ್ನಿ ಬಿಟ್ಟವನು ಬೆಳಗಿನ ಜಾವ ಮೆಲ್ಬರ್ನ್ ಮುಟ್ಟಿ, ಲೋಡ್ ಇಳಿಸಿ, ಅಲ್ಲಿನ ಎಂಟು ಗಂಟೆಗೆ ಕ್ಯಾಬಿನ್ನಿನಲ್ಲಿ ಮಲಗುತ್ತಾನೆ. ನೀವು ಬೆಳಗ್ಗೆ ಪೂಜೆ ಮುಗಿಸಿ ಎಂಟಕ್ಕೆ ಫೋನ್ ಮಾಡಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ (ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದೂವರೆ). ಅವನ ಏಳು ಗಂಟೆಯ ನಿದ್ದೆ ನಡುವೆ ಮುರಿಯುತ್ತದೆ.

ಕಾಗದದಲ್ಲಿ ಏನಿದೆ?

‘ಲೀಸ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ವ್ಯವಹಾರಗಳು ನಡೆಯುತ್ತವೆ. ಚಾಟಲ್ ಮಾರ್ಟ್‌ಗೇಜ್ ಎಂದರೆ ನಮ್ಮ ಲಾರಿ ಫೈನಾನ್ಸಿನ ಹಾಗೆ: ಗಾಡಿ ಮೊದಲ ದಿನದಿಂದ ಅವನದು, ಸಾಲ ಕೊಟ್ಟವರಿಗೆ ಅಡಮಾನ. ಫೈನಾನ್ಸ್ ಲೀಸ್‌ನಲ್ಲಿ ಗಾಡಿ ಕೊನೆಯವರೆಗೂ ಸಾಲದ ಕಂಪನಿಯದು, ಅವನು ಓಡಿಸುವವನು ಮಾತ್ರ. ಮೂರನೆಯದು ಬರೀ ಬಾಡಿಗೆ, ನೋಟಿಸ್ ಕೊಟ್ಟು ಗಾಡಿ ವಾಪಸ್ ಬಿಡಬಹುದು. ವಾರದ ಕಂತು ಮೂರನೆಯದರಲ್ಲೇ ಹೆಚ್ಚು ಎನಿಸುತ್ತದೆ. ಆದರೆ ಕೆಲಸ ನಿಂತ ದಿನ ಬೆಲೆ ತಿಳಿಯುವುದೂ ಅದರದ್ದೇ.

ಮೊದಲ ಎರಡರಲ್ಲಿ ಸಾಮಾನ್ಯವಾಗಿ ಕೊನೆಗೊಂದು ದೊಡ್ಡ ಮೊತ್ತ ಉಳಿದಿರುತ್ತದೆ. ಅದನ್ನು ಬಲೂನ್ ಅಥವಾ ರೆಸಿಡ್ಯುಯಲ್ ಎನ್ನುತ್ತಾರೆ. ತಿಂಗಳ ಕಂತು ಸಣ್ಣದಾಗಿ ಕಾಣಲು ಕಾರಣ ಅದೇ. ವಾರಕ್ಕೆ ಆರು ಪ್ರಯಾಣದಂತೆ ವರ್ಷಕ್ಕೆ 48 ವಾರ ಓಡಿದರೆ ಎರಡೂವರೆ ಲಕ್ಷ ಕಿ.ಮೀ. ಐದು ವರ್ಷಕ್ಕೆ ಹನ್ನೆರಡು ಲಕ್ಷ ಮೀರುತ್ತದೆ. ಅಂದರೆ ಬಲೂನ್ ಕಟ್ಟುವ ತಿಂಗಳು ಮತ್ತು ಎಂಜಿನ್ ಬಿಚ್ಚಿಸುವ ತಿಂಗಳು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹಳೆಯ ಲಾರಿಯಲ್ಲಿ ಕಂತು ಚಿಕ್ಕದು, ಆ ಎಂಜಿನ್ ಖರ್ಚು ಮಾತ್ರ ಬೇಗ ಬರುತ್ತದೆ. ಯಾವುದಾದರೂ ಸರಿ, ಕಂತಿನ ಪಕ್ಕದಲ್ಲಿ ಕೊನೆಯ ಮೊತ್ತವನ್ನೂ ಬರೆದು ತೋರಿಸುವಂತೆ ಹೇಳಿ. ಟೈರು, ಗಾಡಿಯ ವಿಮೆ, ಸರಕಿನ ವಿಮೆ, ತಾನೇ ಮಲಗಿದರೆ ಆದಾಯ ಕೊಡುವ ವಿಮೆ, ಟೋಲು ಇವೆಲ್ಲ ಇದರ ಹೊರಗೆ. ಸಿಡ್ನಿಯ ಹೆಚ್ಚಿನ ಟೋಲ್ ರಸ್ತೆಗಳಲ್ಲಿ ಲಾರಿಗೆ ಕಾರಿನ ಮೂರು ಪಟ್ಟು.

ಇನ್ನೊಂದು ವಿಷಯ ಅಲ್ಲಿರುವವರಿಗೂ ಅನೇಕರಿಗೆ ಗೊತ್ತಿರುವುದಿಲ್ಲ. ಮನೆ ಸಾಲ, ಕಾರು ಸಾಲಕ್ಕೆ ಇರುವ ಗ್ರಾಹಕ ರಕ್ಷಣೆಯ ಸಾಲ ಸಂಹಿತೆ ವ್ಯಾಪಾರದ ಸಾಲಕ್ಕೆ ಅನ್ವಯವಾಗುವುದಿಲ್ಲ. ಲಾರಿ ಸಾಲ ವ್ಯಾಪಾರದ ಸಾಲ. ಕಂಪನಿ ಹೆಸರಿನಲ್ಲಿ ತೆಗೆದುಕೊಂಡರೂ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಂಡತಿಯ ಸಹಿಯನ್ನೂ ಕೇಳಿದರೆ, ಅಲ್ಲಿ ಅವರು ಕೊಂಡ ಮನೆಯೂ ಈ ಲಾರಿಯ ಹಿಂದೆ ಕಟ್ಟಿಹಾಕಿದಂತೆ ಎಂದು ತಿಳಿಯಿರಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಲಾರಿಯನ್ನೂ ಲೋಡನ್ನೂ ಒಂದೇ ಕೈ ಕೊಡುವ ವ್ಯವಹಾರದಲ್ಲಿ. ಬಾಡಿಗೆ ಹಣದಿಂದ ಕಂತು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಒಂದು ದಿನ ‘ನಾಳೆಯಿಂದ ನಿನಗೆ ಲೋಡ್ ಇಲ್ಲ’ ಎಂದರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಲಾರಿ ಹೋಗುತ್ತದೆ, ಅಷ್ಟರವರೆಗೆ ಕಟ್ಟಿದ್ದೂ ಹೋಗುತ್ತದೆ. ಬೇರೆಯವರ ಲೋಡ್ ಎಳೆಯಬಾರದು ಎಂಬ ಷರತ್ತೂ ಇದ್ದರೆ, ಅವನು ಮಾಲೀಕನಾಗಿರುವುದು ಸಾಲಕ್ಕೆ ಮಾತ್ರ. ತಿಂಗಳ ನೋಟಿಸಿನಲ್ಲಿ ಗಾಡಿ ವಾಪಸ್ ಬಿಡಲು ಲಿಖಿತ ಅವಕಾಶ ಇಲ್ಲದ ಇಂಥ ಕರಾರಿಗೆ ಸಹಿ ಹಾಕುವುದು ಬೇಡ ಎಂಬುದೇ ನನ್ನ ಅಭಿಪ್ರಾಯ. ಸ್ವಂತ ಲಾರಿಯೂ ಇಲ್ಲದೆ, ಕಂಪನಿಯ ಲಾರಿಯನ್ನೇ ಓಡಿಸಲು ‘ಎಬಿಎನ್ ಮಾಡಿಸಿಕೊಂಡು ಬಾ’ ಎನ್ನುವವರೂ ಇದ್ದಾರೆ. ನೌಕರನನ್ನು ಗುತ್ತಿಗೆದಾರ ಎಂದು ತೋರಿಸುವುದು ಅಲ್ಲಿನ ಫೇರ್ ವರ್ಕ್ ಕಾಯ್ದೆ, 2009ರ ಪ್ರಕಾರ ನಿಷಿದ್ಧ ನಡೆ, ದಂಡ ಬೀಳುತ್ತದೆ.

ಕಂಪನಿ ಮುಳುಗಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರದಲ್ಲಿಲ್ಲ. 2023ರ ಆರಂಭದಲ್ಲಿ ಸ್ಕಾಟ್ಸ್ ರೆಫ್ರಿಜರೇಟೆಡ್ ಲಾಜಿಸ್ಟಿಕ್ಸ್ ಎಂಬ ದೊಡ್ಡ ಸಾಗಣೆ ಸಂಸ್ಥೆ ಕುಸಿದು ಬಾಗಿಲು ಹಾಕಿತು. ನೌಕರರೇ ಸುಮಾರು 1,500 ಮಂದಿ. ಇಂಥ ಸಂದರ್ಭದಲ್ಲಿ ಪೌರರು ಮತ್ತು ಕಾಯಂ ನಿವಾಸಿಗಳಾದ ನೌಕರರ ಬಾಕಿ ಸಂಬಳ, ರಜೆಯ ಹಣಕ್ಕೆ ಸರ್ಕಾರದ ಖಾತರಿ ಯೋಜನೆಯೊಂದಿದೆ. ಗುತ್ತಿಗೆ ಚಾಲಕರಿಗೆ ಅದಿಲ್ಲ. ಅವರು ಭದ್ರತೆಯಿಲ್ಲದ ಸಾಲಗಾರರ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಒಂಬತ್ತು ದಿನ ನಿಂತ ಹೆದ್ದಾರಿ

ಓನರ್-ಡ್ರೈವರ್‌ಗಳ ಈ ಕಷ್ಟ ವಲಸೆ ಬಂದವರಿಗೆ ಮಾತ್ರ ಬಂದದ್ದಲ್ಲ. 1979ರ ಏಪ್ರಿಲ್‌ನಲ್ಲಿ ಸಿಡ್ನಿಯ ನೈರುತ್ಯಕ್ಕೆ, ಪಿಕ್ಟನ್ ಬಳಿಯ ರೇಜರ್‌ಬ್ಯಾಕ್ ಗುಡ್ಡದಲ್ಲಿ ಸ್ವಂತ ಲಾರಿಯ ಕೆಲವೇ ಚಾಲಕರು ಇದೇ ಹ್ಯೂಮ್ ಹೆದ್ದಾರಿಗೆ ಲಾರಿ ಅಡ್ಡ ನಿಲ್ಲಿಸಿದರು. ರಸ್ತೆ ತೆರಿಗೆ ಕಟ್ಟಿ, ಡೀಸೆಲ್ ಹಾಕಿಸಿ, ಕಂತು ಕಟ್ಟಿದ ಮೇಲೆ ಕೈಗೇನೂ ಉಳಿಯುತ್ತಿಲ್ಲ ಎಂಬುದು ಅವರ ದೂರು. ದೇಶದ ಬೇರೆ ಕಡೆಗೂ ತಡೆ ಹಬ್ಬಿತು. ಒಂಬತ್ತು ದಿನದ ನಂತರ ರಾಜ್ಯ ಸರ್ಕಾರಗಳು ಆ ತೆರಿಗೆ ಕೈಬಿಡಲು ಒಪ್ಪಿದವು. ಬಾಡಿಗೆ ದರದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

2012ರಲ್ಲಿ ಬಾಡಿಗೆ ನಿಗದಿಗೆಂದೇ ಒಂದು ನ್ಯಾಯಮಂಡಳಿ ಬಂತು. ಅದು ಹೊರಡಿಸಿದ ಕನಿಷ್ಠ ದರ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ಆ ದರಕ್ಕೆ ನಮಗೆ ಯಾರೂ ಲೋಡ್ ಕೊಡುವುದಿಲ್ಲ ಎಂದು ಪ್ರತಿಭಟಿಸಿ ಲಾರಿಗಳ ಸಾಲು ಕ್ಯಾನ್‌ಬೆರಾಕ್ಕೆ ಹೊರಟದ್ದು ಓನರ್-ಡ್ರೈವರ್‌ಗಳೇ. ಅದೇ ತಿಂಗಳು ನ್ಯಾಯಮಂಡಳಿ ರದ್ದಾಯಿತು. ಲೋಡು ಬೇರೆಯವರ ಕೈಯಲ್ಲಿದ್ದರೆ ಹೆಚ್ಚು ಬಾಡಿಗೆ ಕೇಳಲೂ ಭಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2024ರ ಆಗಸ್ಟ್ 26ರಿಂದ ರಸ್ತೆ ಸಾಗಣೆಯ ಗುತ್ತಿಗೆದಾರರಿಗೆ ಕನಿಷ್ಠ ಮಾನದಂಡ ನಿಗದಿ ಮಾಡುವ ಅಧಿಕಾರ ಫೇರ್ ವರ್ಕ್ ಕಮಿಷನ್‌ಗೆ ಬಂದಿದೆ. ಅನ್ಯಾಯವಾಗಿ ಕೆಲಸ ನಿಲ್ಲಿಸಿದರೆ ಅಲ್ಲಿ ದೂರಬಹುದು, ಆದರೆ ಸಾಮಾನ್ಯವಾಗಿ ಒಂದು ವರ್ಷವಾದರೂ ಅವರಿಗೆ ದುಡಿದಿರಬೇಕು.

ಎರಡು ನಗರಗಳ ನಡುವೆ ವ್ಯತ್ಯಾಸವೂ ಇದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ 2005ರಿಂದ ಓನರ್-ಡ್ರೈವರ್‌ಗಳಿಗಾಗಿಯೇ ಒಂದು ಕಾಯ್ದೆ ಇದೆ. ನಿಯಮಿತವಾಗಿ ಕೆಲಸ ಕೊಡುವವರು ಲಿಖಿತ ಕರಾರು ಮಾಡಬೇಕು. ಅದಕ್ಕೂ ಮುಂಚೆ ಸರ್ಕಾರದ ಮಾಹಿತಿ ಪುಸ್ತಿಕೆ ಮತ್ತು ಖರ್ಚು-ದರದ ಪಟ್ಟಿ ಕೊಡಬೇಕು. ಭಾರಿ ಲಾರಿಯವನನ್ನು ಬಿಡಿಸಬೇಕಾದರೆ ಮೂರು ತಿಂಗಳ ನೋಟಿಸ್, ಇಲ್ಲವೇ ಅದಕ್ಕೆ ಬದಲು ಹಣ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1996ರ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಆರನೇ ಅಧ್ಯಾಯದಡಿ ಆಯೋಗ ದರ ನಿಗದಿ ಮಾಡುತ್ತದೆ. ಅದು ಎಲ್ಲ ಬಗೆಯ ಸಾಗಣೆಗೂ ಅನ್ವಯವಲ್ಲ. ಹುಡುಗನ ಕೆಲಸ ಅದರೊಳಗೆ ಬರುತ್ತದೆಯೇ ಎಂದು ಸಹಿಗೆ ಮುಂಚೆ ವಿಚಾರಿಸಬೇಕು.

ವೀಸಾದ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು, ಎಬಿಎನ್ ಕೆಲಸವೂ ಇದರಲ್ಲಿ ಸೇರಿದೆ. ಆ ಮಿತಿಯಲ್ಲಿ ಹೆದ್ದಾರಿ ಲಾರಿಯ ಕಂತು ಹುಟ್ಟುವುದೇ ಇಲ್ಲ. ಕಂಪನಿ ಪ್ರಾಯೋಜಿಸಿದ ವೀಸಾದಲ್ಲಿರುವವರು ಅದೇ ಕಂಪನಿಯ ನೌಕರರಾಗಿಯೇ ಇರಬೇಕು. ಓದು ಮುಗಿದ ಮೇಲಿನ ಪದವೀಧರ ವೀಸಾದಲ್ಲಿ ಗಂಟೆಯ ಮಿತಿ ಇಲ್ಲ, ಆದರೆ ವೀಸಾ ಎರಡು–ಮೂರು ವರ್ಷ, ಲೀಸ್ ಐದು ವರ್ಷ ಎಂದಾದರೆ ಉಳಿದ ಕಂತು ಯಾರು ಕಟ್ಟುವುದು?

ಹಾಗೆಂದು ಯಾರೂ ಲಾರಿ ತೆಗೆದುಕೊಳ್ಳಲೇಬಾರದು ಎಂದಲ್ಲ. ಕಾಯಂ ನಿವಾಸ ಸಿಕ್ಕಿ, ಅದೇ ಮಾರ್ಗದಲ್ಲಿ ಒಂದೆರಡು ವರ್ಷ ಸಂಬಳಕ್ಕೆ ಓಡಿಸಿ, ಯಾವ ತಿಂಗಳು ಲೋಡ್ ಸೊರಗುತ್ತದೆ, ಯಾರು ತಡವಾಗಿ ಬಿಲ್ ಕೊಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡವನ ಲೆಕ್ಕ ಬೇರೆ. ಒಬ್ಬರಿಗಿಂತ ಹೆಚ್ಚು ಗಿರಾಕಿ, ಮೂರು ತಿಂಗಳ ಕಂತು ಬ್ಯಾಂಕಿನಲ್ಲಿ, ಲಾರಿ ವ್ಯವಹಾರ ಗೊತ್ತಿರುವ ಅಕೌಂಟೆಂಟ್ ಒಬ್ಬರು ಇದ್ದರೆ ಧೈರ್ಯ ಮಾಡಬಹುದು. ಸಿಡ್ನಿ, ಮೆಲ್ಬರ್ನ್‌ನ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೆ ಹೋದಾಗ ಈಗಾಗಲೇ ಲಾರಿ ಇಟ್ಟವರ ಪಕ್ಕ ಕುಳಿತು ಬಿಲ್ಲನ್ನಲ್ಲ, ಖರ್ಚಿನ ಪುಸ್ತಕವನ್ನು ನೋಡಲಿ. ಪಂಜಾಬಿ ಚಾಲಕರು ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರು. ಅವರನ್ನು ಕೇಳುವುದಕ್ಕೂ ಸಂಕೋಚ ಬೇಡ.

ಊರಿನಿಂದ ಹಣ ಕಳಿಸಲು ಕಾನೂನಿನ ಅಡ್ಡಿ ಇಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಕಳಿಸುವ ಮುಂಚೆ ಎರಡು ಕಾಗದದ ಫೋಟೊ ತರಿಸಿಕೊಳ್ಳಿ: ಲಾರಿಯ ಲೀಸ್ ಕರಾರು, ಲೋಡಿನ ಕರಾರು. ಎರಡಕ್ಕೂ ಒಂದೇ ಸಹಿ ಇದೆಯೇ, ಎರಡರ ಅವಧಿ ಒಂದೇ ಆಗಿದೆಯೇ ನೋಡಿ. ಇಂಗ್ಲಿಷ್ ಬರುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಊರಿನ ವಕೀಲರೋ ಮೇಷ್ಟ್ರೋ ಓದಿ ಹೇಳುತ್ತಾರೆ. ವಿಕ್ಟೋರಿಯಾದ ಆ ಪುಸ್ತಿಕೆ ಮತ್ತು ಖರ್ಚಿನ ಪಟ್ಟಿ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಿಡ್ನಿಯಲ್ಲಿರುವವರಿಗೂ ಲೆಕ್ಕ ಹಾಕಲು ಅವು ಉಪಯೋಗಕ್ಕೆ ಬರುತ್ತವೆ.